ಪರದೇಶೀಯರು ಕಂಡ ವಿಜಯನಗರ: ಪ್ರವಾಸಗ್ರಂಥಗಳ ಪ್ರಾಮಾಣ್ಯವಿಚಾರ

೧

ಹಂಪೆಗೆ ಯಾತ್ರೆಹೋದವರೆಲ್ಲರೂ ಅಲ್ಲಿಂದ ಒಂದು ಮಾತನ್ನು ಕೇಳಿಕೊಂಡು ಬರುತ್ತಾರೆ. ಈ ಪಟ್ಟಣದ ಬೀದಿಗಳಲ್ಲಿ ಮುತ್ತುರತ್ನಗಳನ್ನು ಸೇರಿನಿಂದ ಅಳೆದು ಮಾರುತ್ತಿದ್ದರೆಂದೂ, ಇದಕ್ಕೆ ಪರದೇಶದ ಪ್ರವಾಸಿಗಳೇ ಸಾಕ್ಷಿಯೆಂದೂ ದಾರಿತೋರುವವರು ಹೇಳುವರು, ಪಾಠಪುಸ್ತಕಗಳೂ ಹೇಳುವುವು. ೧೪೪೩ರಲ್ಲಿ ಇಲ್ಲಿಗೆ ಬಂದ ಪಾರಸೀಕ ದೂತನಾದ ಅಬ್ದುರ್ ರಜಾಕನು ಹೇಳಿರುವುದು ಇಷ್ಟೇ: ರತ್ನಪಡಿವ್ಯಾಪಾರಿಗಳು ಮಾಣಿಕ್ಯ, ಮುತ್ತು, ವಜ್ರ, ಪಚ್ಚೆಗಳನ್ನು ಅಂಗಡಿಬೀದಿಯಲ್ಲಿ ಬಹಿರಂಗವಾಗಿ ಮಾರುತ್ತಿದ್ದರು. ಅವನ ಮಾತಿನಲ್ಲಿ ಸೇರೂ ಇಲ್ಲ, ಅಳತೆಯೂ ಇಲ್ಲ. ಸೇರು ನಮ್ಮ ಕೈಯಿಂದ ಸೇರಿದುದು. ಸಾಕ್ಷಿಯು ಹೇಳದ ಮಾತನ್ನು ಅವನ ಬಾಯಲ್ಲಿ ಇಡುವುದು ವಿದ್ವಜ್ಜನರಿಗೆ ಭೂಷಣವಲ್ಲ.

ದೋಷವು ಇಷ್ಟರಲ್ಲಿಯೇ ಮುಗಿಯುವಂತಿದ್ದರೆ ಈ ಲೇಖನವನ್ನು ಬರೆಯಬೇಕಾಗಿರಲಿಲ್ಲ. ಈ ಪ್ರವಾಸಿಗಳ ಗ್ರಂಥಗಳಲ್ಲಿ ಹೊಗಳಿಕೆಯಿರುವ ವಾಕ್ಯಗಳನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಮುಚ್ಚಿಡುವ ಪದ್ಧತಿಯೊಂದು ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದಕ್ಕೆ ಪ್ರತಿಯಾಗಿ, ನಿಂದೆಯಿರುವ ವಾಕ್ಯಗಳನ್ನು ಮಾತ್ರ ಎತ್ತಿಹಿಡಿದು ಆ ರಾಜ್ಯವೆಲ್ಲವೂ ದಂಡಿನ ಪಾಳೆಯವಾಗಿತ್ತೆಂದು ಹೇಳುವ ಪಕ್ಷವೂ ಉಂಟು. ಎರಡು ಪಕ್ಷದವರೂ ಬಿಟ್ಟಿರುವ ಪ್ರಶ್ನೆಯೊಂದಿದೆ: ಆಯುಧಬಲದ ಮೇಲೆ ನಿಂತ ಒಂದು ರಾಜ್ಯಕ್ಕೆ ಅತಿಥಿಯಾಗಿ ಬಂದವನು ಆ ನಾಡಿನ ಜನರ ಬಾಳುವೆಯಲ್ಲಿ ಯಾವುದನ್ನು ಕಾಣಬಲ್ಲನು, ಯಾವುದನ್ನು ಕಾಣಲಾರನು? ಇದನ್ನು ವಿಚಾರಿಸದೆ ಅವನ ವಾಕ್ಯವನ್ನು ಪ್ರಮಾಣವೆಂದು ಹಿಡಿಯುವುದೂ ಅಪ್ರಮಾಣವೆಂದು ಬಿಡುವುದೂ ಸಮಾನವಾಗಿ ಅಶಾಸ್ತ್ರೀಯವು.

೨

ಮೊದಲು ರಾಜ್ಯದ ಸ್ವರೂಪವನ್ನು ಹೇಳಬೇಕು. ವಿಜಯನಗರದಲ್ಲಿ ಅಭಿಷಿಕ್ತನಾದ ಅರಸನಿದ್ದನು, ಧರ್ಮಶಾಸ್ತ್ರದ ಮರ್ಯಾದೆಯಿತ್ತು, ದೇವಸ್ಥಾನಗಳೂ ಅಗ್ರಹಾರಗಳೂ ಮಠಗಳೂ ಇದ್ದುವು. ಆದುದರಿಂದ ಈಗಿನ ಕಾಲದ ಸೇನಾಧಿಕಾರವೆಂಬ ಅರ್ಥದಲ್ಲಿ ಅದನ್ನು ಸೈನಿಕರ ಆಳಿಕೆಯೆನ್ನಲಾಗದು. ಆದರೆ ಭೂಮಿಯ ಬಹುಭಾಗವು ದಂಡನ್ನು ಸಾಕುವ ಷರತ್ತಿನ ಮೇಲೆ ನಾಯಕರ ಕೈಯಲ್ಲಿತ್ತು. ಶಾಸನಗಳು ಇದನ್ನು ಅಮರನಾಯಕತನವೆಂದು ಕರೆಯುತ್ತವೆ. ಕೆ. ಎ. ನೀಲಕಂಠ ಶಾಸ್ತ್ರಿಗಳು ಹಿಂದೂರಾಜ್ಯಗಳಲ್ಲಿ ಯುದ್ಧರಾಜ್ಯವೆಂಬ ಹೆಸರಿಗೆ ಅತ್ಯಂತ ಸಮೀಪವಾದುದು ಇದೇ ಎಂದು ಅಭಿಪ್ರಾಯಪಟ್ಟಿದ್ದರು. ಬರ್ಟನ್ ಸ್ಟೈನ್ ಎಂಬ ವಿದ್ವಾಂಸನು ಮುಂದೆ ರಾಜಧಾನಿಯ ಹಿಡಿತವು ಅಷ್ಟು ಬಿಗಿಯಾಗಿರಲಿಲ್ಲವೆಂದು ವಾದಿಸಿದನು. ಹಿಡಿತವು ಬಿಗಿಯೋ ಸಡಿಲವೋ, ಪ್ರವಾಸಿಯು ಮೊದಲು ಕಂಡುದು ಕೋಟೆಯನ್ನು, ಕಾವಲನ್ನು, ಆನೆಕುದುರೆಗಳನ್ನು ಎಂಬುದರಲ್ಲಿ ವಿವಾದವಿಲ್ಲ. ರಜಾಕನು ಏಳು ಸುತ್ತಿನ ಕೋಟೆಯಿಂದಲೇ ನಗರವರ್ಣನೆಯನ್ನು ಆರಂಭಿಸುತ್ತಾನೆ.

ದಂಡಿನ ಸಂಖ್ಯೆಯಲ್ಲಿ ಮೂವರು ಮೂರು ಲೆಕ್ಕವನ್ನು ಕೊಡುತ್ತಾರೆ. ೧೪೨೦ರ ಸುಮಾರಿನಲ್ಲಿ ಬಂದ ವೆನಿಸ್ ನಗರದ ನಿಕೊಲೊ ಕೊಂಟಿಯು ಆಯುಧ ಹಿಡಿಯಬಲ್ಲವರು ೯೦ ಸಾವಿರವೆನ್ನುವನು. ರಜಾಕನು ೧೧ ಲಕ್ಷವೆನ್ನುವನು. ಪೋರ್ತುಗೀಜ ಕುದುರೆವ್ಯಾಪಾರಿ ಫೆರ್ನಾವ್ ನೂನಿಜನು ನಾಯಕರು ಸಾಕಬೇಕಾದ ಕಾಲಾಳು ೬ ಲಕ್ಷ, ಕುದುರೆ ೨೪ ಸಾವಿರವೆನ್ನುವನು. ಕೊಂಟಿಯು ಪಟ್ಟಣದ ಮಾತನ್ನೂ, ರಜಾಕನು ಇಡೀ ರಾಜ್ಯದ ಮಾತನ್ನೂ, ನೂನಿಜನು ಕರಾರಿನ ಮಾತನ್ನೂ ಹೇಳುತ್ತಿರಬಹುದು. ಆದರೆ ಇವರಲ್ಲಿ ಯಾರೂ ಎಣಿಸಿ ನೋಡಿದವರಲ್ಲ; ಅರಮನೆಯವರೂ ಪೇಟೆಯವರೂ ಹೇಳಿದುದನ್ನು ಕೇಳಿ ಬರೆದವರು. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ ಇದು ಪ್ರತ್ಯಕ್ಷವಲ್ಲ, ಶಬ್ದ. ಶಬ್ದವಾದರೆ ವಕ್ತೃವು ಆಪ್ತನೋ ಅಲ್ಲವೋ ಎಂಬುದನ್ನು ನೋಡಲೇಬೇಕು.

೩

ಇನ್ನು ಒಬ್ಬೊಬ್ಬನ ಆಪ್ತತ್ವವನ್ನು ವಿಚಾರಿಸೋಣ.

ಕೊಂಟಿಯು ತಾನೇ ಬರೆದವನಲ್ಲ. ಮರಳಿ ಹೋಗುವಾಗ ಹೆಂಡಿರುಮಕ್ಕಳ ಪ್ರಾಣವನ್ನು ಉಳಿಸಿಕೊಳ್ಳುವುದಕ್ಕಾಗಿ ಮತಾಂತರಹೊಂದಿ, ಆ ಪಾಪವನ್ನು ಪೋಪನಲ್ಲಿ ನಿವೇದಿಸಿ, ಅದರ ಪ್ರಾಯಶ್ಚಿತ್ತವಾಗಿ ಪೊಜ್ಜಿಯೊ ಎಂಬ ಪೋಪನ ಲೇಖಕನಿಗೆ ತನ್ನ ವೃತ್ತಾಂತವನ್ನು ಹೇಳಿದನು. ಪೊಜ್ಜಿಯೊ ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಹೀಗೆ ಎರಡು ಬಾಯಿಗಳನ್ನು ದಾಟಿ ಬಂದ ಮಾತಾದರೂ, ಜನರು ಹೊಸಬಟ್ಟೆಯುಟ್ಟು ಸ್ನಾನಮಾಡಿ ಹಾಡಿ ಕುಣಿಯುವ ಹಬ್ಬ, ದೇವಾಲಯಗಳಲ್ಲಿ ದೀಪಗಳನ್ನು ಹಚ್ಚುವ ಹಬ್ಬ, ದಾರಿಯಲ್ಲಿ ಹೋಗುವವರ ಮೇಲೆ ಕೇಸರಿಯ ನೀರನ್ನು ಎರಚುವ ಹಬ್ಬ, ಇವುಗಳನ್ನು ಅವನು ಹೇಳಿರುವನು. ಇವು ಬೀದಿಯಲ್ಲಿ ನಡೆಯುವ ಹಬ್ಬಗಳು. ಇವುಗಳನ್ನು ಕಾಣುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅರಮನೆಯ ಅತಿಥಿಯಲ್ಲದ ವರ್ತಕನು ಜನರ ಹಬ್ಬಗಳನ್ನು ಹೆಚ್ಚಾಗಿ ಕಂಡನೆಂಬುದು ಗಮನಿಸತಕ್ಕ ಅಂಶವು.

ರಜಾಕನ ಸ್ಥಿತಿಯು ಬೇರೆ. ಅವನು ಹೆರಾತಿನ ಷಾರುಖನ ದೂತನಾಗಿ ಕಲ್ಲಿಕೋಟೆಗೆ ಬಂದಿದ್ದು, ಇಮ್ಮಡಿ ದೇವರಾಯನ ಕರೆಯಮೇರೆಗೆ ಮಂಗಳೂರಿನ ಮಾರ್ಗವಾಗಿ ರಾಜಧಾನಿಯನ್ನು ಸೇರಿದನು. ಅವನಿಗೆ ಬಿಡಾರವನ್ನು ಕೊಟ್ಟು ಪ್ರತಿದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ, ಇಷ್ಟನ್ನು ಕಳುಹಿಸುತ್ತಿದ್ದರು. ವಾರಕ್ಕೆ ಎರಡುಸಾರಿ ದರ್ಶನವಾಗುತ್ತಿತ್ತು. ಮುಂದೆ ಮುಖ್ಯ ದಣಾಯಕನು ಕಲಬುರಗಿಯ ಕಡೆಗೆ ದಂಡೆತ್ತಿ ಹೋದಾಗ, ಅವನ ಸ್ಥಾನದಲ್ಲಿ ಕುಳಿತವನು ಈ ಪಡಿಯನ್ನು ನಿಲ್ಲಿಸಿಬಿಟ್ಟನು. ಇವನು ನಿಜವಾದ ದೂತನಲ್ಲವೆಂದು ಹುರ್ಮುಜಿನ ವರ್ತಕರು ಹಬ್ಬಿಸಿದ ಸುದ್ದಿಯೂ ಅವನ ಮರ್ಯಾದೆಗೆ ಕುಂದನ್ನು ತಂದಿತು. ಪಡಿಯು ಬರುತ್ತಿದ್ದಾಗ ಬರೆದ ವರ್ಣನೆಗೂ, ಪಡಿಯು ನಿಂತಮೇಲೆ ಆ ಅಧಿಕಾರಿಯ ಆಕಾರವನ್ನೂ ಸ್ವಭಾವವನ್ನೂ ಹಳಿದು ಬರೆದ ಮಾತಿಗೂ ಇರುವ ಅಂತರವನ್ನು ನೋಡಿದರೆ ಅನ್ನದ ಋಣವು ಲೇಖನಿಯನ್ನು ಎಷ್ಟರಮಟ್ಟಿಗೆ ನಡೆಸುವುದೆಂಬುದು ತಿಳಿಯುತ್ತದೆ. ಆದರೂ ಅವನು ಸುಳ್ಳುಗಾರನಲ್ಲ. ನಗರಪಾಲಕರ ಸಂಬಳವಾದ ೧೨ ಸಾವಿರ ಹಣವು ವೇಶ್ಯಾವಾಟಿಕೆಯ ಹುಟ್ಟುವಳಿಯಿಂದ ಬರುತ್ತಿತ್ತೆಂಬ ಸಂಗತಿಯನ್ನು ಮರೆಮಾಡದೆ ಬರೆದಿದ್ದಾನೆ. ಆಸ್ಥಾನದ ಯಾವ ಕವಿಯೂ ಇದನ್ನು ನಮಗೆ ತಿಳಿಸಿಲ್ಲ.

೧೫೨೦ರ ಸುಮಾರಿನಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸನೂ, ೧೫೩೫ರ ಸುಮಾರಿನಲ್ಲಿ ಅಚ್ಯುತರಾಯನ ಕಾಲದಲ್ಲಿ ಇದ್ದ ನೂನಿಜನೂ ಪೋರ್ತುಗೀಜರು. ಇವರ ಬರೆಹಗಳು ಪ್ಯಾರಿಸಿನ ಪುಸ್ತಕಭಂಡಾರದಲ್ಲಿದ್ದು, ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸನಿಂದ ಅಚ್ಚಾಗಿ, ೧೯೦೦ರಲ್ಲಿ ರಾಬರ್ಟ್ ಸ್ಯೂಯೆಲನ ಇಂಗ್ಲಿಷ್ ಗ್ರಂಥದ ಮೂಲಕ ನಮ್ಮವರಿಗೆ ತಿಳಿದುಬಂದುವು. ಒಂದೇ ಪಟ್ಟಣವನ್ನು ಹದಿನೈದು ವರ್ಷಗಳ ಅಂತರದಲ್ಲಿ ಒಂದೇ ದೇಶದವರಿಬ್ಬರು ಕಂಡರು. ಪಾಯೆಸನು ಕಂಡುದು ಲೋಕದಲ್ಲಿಯೇ ಅತ್ಯಂತ ಸಮೃದ್ಧವಾದ ಪಟ್ಟಣವನ್ನು. ನೂನಿಜನು ಕಂಡುದು ನಾಯಕರ ದಬ್ಬಾಳಿಕೆಯಿಂದ ಸಂಕಟಪಡುವ ಸಾಮಾನ್ಯ ಜನರನ್ನು. ನಮ್ಮವರು ಮೊದಲನೆಯದನ್ನು ಕಂಠಪಾಠಮಾಡಿರುವರು, ಎರಡನೆಯದನ್ನು ಮರೆತಿರುವರು.

೪

ಮೀಮಾಂಸಕರು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವುದಕ್ಕೆ ಆರು ಲಿಂಗಗಳನ್ನು ಹೇಳಿರುವರು: ಉಪಕ್ರಮೋಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಲೌಕಿಕಗ್ರಂಥಗಳಲ್ಲಿಯೂ ಈ ಕ್ರಮವು ಉಪಯುಕ್ತವೆಂದು ನಮ್ಮ ಅಭಿಪ್ರಾಯ. ಪಾಯೆಸನ ಸಮೃದ್ಧಿವರ್ಣನೆಯೂ ನೂನಿಜನ ಒಂದು ಪ್ರಸಿದ್ಧವಾಕ್ಯವೂ ಇದರಿಂದ ಸ್ಪಷ್ಟವಾಗುವುವು.

ನೂನಿಜನು ಭೂಮಿಯೆಲ್ಲವೂ ಅರಸನದೆಂದೂ, ನಾಯಕರು ಅವನಿಂದ ಪಡೆದು ಒಕ್ಕಲಿಗರಿಗೆ ಕೊಡುವರೆಂದೂ, ಒಕ್ಕಲಿಗರು ಹತ್ತರಲ್ಲಿ ಒಂಬತ್ತು ಪಾಲನ್ನು ಒಡೆಯನಿಗೆ ಸಲ್ಲಿಸುವರೆಂದೂ ಬರೆದಿದ್ದಾನೆ. ಇದನ್ನು ಅಕ್ಷರಶಃ ತೆಗೆದುಕೊಂಡರೆ ಉಪಪತ್ತಿಯಿಲ್ಲ; ಬೆಳೆದ ಹತ್ತು ಖಂಡುಗದಲ್ಲಿ ಒಂದನ್ನು ಇಟ್ಟುಕೊಂಡು ಬಿತ್ತನೆಯ ಬೀಜವನ್ನೂ ತೆಗೆದಿಟ್ಟು ಸಂಸಾರವು ವರ್ಷವನ್ನು ಕಳೆಯಲಾರದು. ಆದುದರಿಂದ ಸಂಖ್ಯೆಯು ಅರ್ಥವಾದವೇ ಸರಿ. ಆದರೆ ನಿಂದಾರ್ಥವಾದವೂ ಯಾವುದೋ ಒಂದು ನಿಜವನ್ನು ಆಶ್ರಯಿಸಿಯೇ ಇರುವುದು. ಒಕ್ಕಲಿಗನ ಕಷ್ಟವೆಂಬ ತಾತ್ಪರ್ಯಕ್ಕೆ ನಮ್ಮ ಶಾಸನಗಳೇ ಬೆಂಬಲಕೊಡುತ್ತವೆ. ಮದುವೆಯ ಸುಂಕವನ್ನು ಬಿಟ್ಟುದಾಗಿ ಹೇಳುವ ಶಾಸನಗಳಿವೆ. ಸದಾಶಿವರಾಯನ ಕಾಲದಲ್ಲಿ, ಬಾದಾವಿಯ ಕೊಂಡೋಜನೇ ಮೊದಲಾದವರ ನಿಮಿತ್ತದಿಂದ ನಾಯಿಂದರಿಗೆ ತೆರಿಗೆಯನ್ನು ಮನ್ನಾ ಮಾಡಿದ ಶಾಸನಗಳಿವೆ. ಇವುಗಳನ್ನು ಅರಸರ ಔದಾರ್ಯಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಔದಾರ್ಯವು ನಿಜವೇ, ಆದರೆ ಬಿಟ್ಟ ತೆರಿಗೆಯು ಹಿಂದೆ ಇದ್ದ ತೆರಿಗೆಯಲ್ಲವೆ? ಮದುವೆಗೂ ಕ್ಷೌರದ ಕತ್ತಿಗೂ ತೆರಿಗೆಯಿದ್ದ ನಾಡಿನಲ್ಲಿ ನೂನಿಜನು ಬಡವರ ನಿಟ್ಟುಸಿರನ್ನು ಕೇಳಿದನೆಂದರೆ ಅದನ್ನು ಪರದೇಶಿಯ ದ್ವೇಷವೆಂದು ತಳ್ಳಿಹಾಕಲಾಗದು.

ಪಾಯೆಸನ ಸಮೃದ್ಧಿವರ್ಣನೆಯನ್ನೂ ಹೀಗೆಯೇ ಪರೀಕ್ಷಿಸಬೇಕು. ಮಹಾನವಮಿಯ ಒಂಬತ್ತು ದಿನಗಳನ್ನು ಅವನಂತೆ ಬಣ್ಣಿಸಿದವರು ಇನ್ನೊಬ್ಬರಿಲ್ಲ. ಕೊನೆಯ ದಿನ ೨೫೦ ಕೋಣಗಳನ್ನೂ ೪,೫೦೦ ಕುರಿಗಳನ್ನೂ ಕಡಿದರೆಂದು ಹೇಳುವನು. ಆಮೇಲೆ ನಡೆದ ದಂಡಿನ ಪರೀಕ್ಷೆಯನ್ನು ಕಂಡು ತಾನು ಕನಸಿನಲ್ಲಿರುವಂತೆ ಭಾಸವಾಯಿತೆನ್ನುವನು. ಇದೇ ಹಬ್ಬದ ಬಗ್ಗೆ ನೂನಿಜನು ಹೇಳುವ ಮಾತು ಅತ್ಯಂತ ಮುಖ್ಯವಾದುದು: ನಾಯಕರು ತಮ್ಮ ವಾರ್ಷಿಕ ಕಾಣಿಕೆಯನ್ನು ಸಲ್ಲಿಸಬೇಕಾದುದು ಈ ದಿನಗಳಲ್ಲಿಯೇ. ರಾಜ್ಯದ ಹುಟ್ಟುವಳಿ ೧೨೦ ಲಕ್ಷ ಹೊನ್ನು, ಅದರಲ್ಲಿ ಅರ್ಧವು ಅರಸನಿಗೆ ಎಂಬುದು ಅವನ ಲೆಕ್ಕ. ಆದುದರಿಂದ ಪಾಯೆಸನಿಗೆ ಕನಸಾಗಿ ತೋರಿದುದು ನಾಯಕರಿಗೆ ಲೆಕ್ಕ ಒಪ್ಪಿಸುವ ದಿನವಾಗಿತ್ತು. ದೇವಿಯ ಪೂಜೆ, ದಂಡಿನ ಎಣಿಕೆ, ಹಣದ ಸಂದಾಯ, ಈ ಮೂರೂ ಒಂದೇ ದಿಬ್ಬದ ಮುಂದೆ ನಡೆಯುತ್ತಿದ್ದುವು. ಪಾಯೆಸನ ಗದ್ಯವು ಕಾವ್ಯಕ್ಕೆ ಸಮೀಪವಾದುದು, ನೂನಿಜನದು ಒಣಗಿದುದು. ಆದರೆ ಹಬ್ಬದ ಅರ್ಥವು ತಿಳಿಯಬೇಕಾದರೆ ಇಬ್ಬರನ್ನೂ ಜೊತೆಯಾಗಿ ಓದಬೇಕು.

ಪಾಯೆಸನು ಹೊಗಳುವುದನ್ನು ಮಾತ್ರ ಬಲ್ಲವನಾಗಿದ್ದನೆಂದೂ ತಿಳಿಯಬಾರದು. ಈಗಿನ ಹೊಸಪೇಟೆಯ ಸ್ಥಳದಲ್ಲಿ ಕೃಷ್ಣದೇವರಾಯನು ನಾಗಲಾಪುರವೆಂಬ ಹೊಸ ಪಟ್ಟಣವನ್ನು ಕಟ್ಟಿಸಿ, ಅದರ ಬಳಿ ಸೊಂಡೂರಿನ ಬೆಟ್ಟಗಳ ನಡುವಣ ಕಣಿವೆಯ ಬಾಯಿಗೆ ಏರಿಯನ್ನು ಹಾಕಿಸಿದನು. ಅಲ್ಲಿ ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ಕೆಲಸಮಾಡುವುದನ್ನು ಪಾಯೆಸನು ಕಣ್ಣಾರೆ ಕಂಡನು. ಏರಿಯು ಎರಡು ಮೂರು ಸಲ ಒಡೆದುಹೋದಾಗ ಅರವತ್ತು ಮಂದಿ ಮನುಷ್ಯರನ್ನೂ ಕೆಲವು ಕುದುರೆಕೋಣಗಳನ್ನೂ ಬಲಿಕೊಡಲಾಯಿತೆಂದು ಬರೆದಿದ್ದಾನೆ. ಬಲಿಯಾದವರು ಮರಣದಂಡನೆಗೆ ಅರ್ಹರಾದ ಕೈದಿಗಳೆಂದು ನೂನಿಜನು ಹೇಳುವನು. ಕೆರೆಯನ್ನು ಕಟ್ಟಿಸುವುದು ಸಪ್ತಸಂತಾನಗಳಲ್ಲೊಂದೆಂದು ಪಾಠಹೇಳುವ ನಮ್ಮಂಥವರಿಗೆ ಇದನ್ನು ಓದುವುದು ಕಷ್ಟ. ಕಷ್ಟವೆಂಬ ಕಾರಣದಿಂದ ಓದದೆ ಬಿಡುವುದು ಪಾಂಡಿತ್ಯವಲ್ಲ.

೫

ಇನ್ನು ಪ್ರವಾಸಿಗಳು ಕಾಣದೆ ಹೋದುದು. ರಜಾಕನು ಬಂದ ಇಮ್ಮಡಿ ದೇವರಾಯನ ಕಾಲವು ಕನ್ನಡ ಸಾಹಿತ್ಯದಲ್ಲಿ ಎಂತಹ ಕಾಲವೆಂಬುದು ವಾಚಕರಿಗೆ ತಿಳಿದೇ ಇದೆ. ಪ್ರಭುಲಿಂಗಲೀಲೆಯ ಚಾಮರಸನೂ, ಶಿವತತ್ತ್ವಚಿಂತಾಮಣಿಯ ಲಕ್ಕಣ್ಣ ದಂಡೇಶನೂ ಆ ಕಾಲದವರು. ರಜಾಕನನ್ನು ಆದರಿಸಿದ ದಣಾಯಕನು ಈ ಲಕ್ಕಣ್ಣನೇ ಇರಬೇಕೆಂದು ಕೆಲವು ವಿದ್ವಾಂಸರು ಊಹಿಸಿರುವರು. ಊಹೆಯು ಸರಿಯಾದರೆ, ಗ್ರಂಥಕರ್ತನಾದ ದಂಡನಾಯಕನ ಎದುರಿಗೆ ಕುಳಿತೂ ಅತಿಥಿಯು ದಂಡನಾಯಕನನ್ನು ಮಾತ್ರ ಕಂಡು ಗ್ರಂಥಕರ್ತನನ್ನು ಕಾಣಲಿಲ್ಲವೆಂದಾಯಿತು. ಊಹೆಯು ತಪ್ಪಾದರೂ ಮಾತು ನಿಲ್ಲುತ್ತದೆ. ಕನ್ನಡ ಕಾವ್ಯದ ಸುಳಿವೇ ಅವನ ಗ್ರಂಥದಲ್ಲಿಲ್ಲ. ಜನರು ಗುಲಾಬಿಯ ಹೂವಿಲ್ಲದೆ ಬದುಕಲಾರರೆಂಬುದನ್ನು ಅವನು ಬಲ್ಲನು. ಯಾವ ಹಾಡಿಲ್ಲದೆ ಬದುಕಲಾರರೆಂಬುದನ್ನು ಅರಿಯನು. ಪಾಯೆಸನ ಕಾಲದಲ್ಲಿ ವ್ಯಾಸರಾಯರು ಆ ಪಟ್ಟಣದಲ್ಲಿ ಪೂಜ್ಯರಾಗಿದ್ದರು. ಪುರಂದರದಾಸರ ಪದಗಳು ಹುಟ್ಟಿದ ಕಾಲವೂ ಅದೇ. ಪಾಯೆಸನಲ್ಲಿ ಅದರ ಧ್ವನಿಯಿಲ್ಲ.

ಇದಕ್ಕೆ ಕಾರಣವು ಅಸಡ್ಡೆಯೊಂದೇ ಅಲ್ಲ. ಅವರಿಗೆ ಭಾಷೆಯಿರಲಿಲ್ಲ, ದುಭಾಷಿಯು ಅರಮನೆಯವನು, ದಾರಿಯು ಕಾವಲುಗಾರನು ತೋರಿಸಿದ ದಾರಿ. ಪಾಯೆಸನೂ ಅವನ ಸಂಗಡಿಗರೂ ಅರಮನೆಯನ್ನು ನೋಡಹೋದಾಗ ಬಾಗಿಲಿನವನು ಅವರೆಷ್ಟು ಮಂದಿಯೆಂದು ಎಣಿಸಿ ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟನಂತೆ. ಕೆಲವು ಕೋಣೆಗಳನ್ನು ತೋರಿಸಿದರು. ಮಿಕ್ಕವುಗಳ ವಿಷಯವನ್ನು ಹೇಳಿದರು. ಎಣಿಸಿ ಒಳಗೆ ಬಿಡಲ್ಪಟ್ಟವನು ತೋರಿಸಿದುದನ್ನೇ ನೋಡತಕ್ಕವನು.

ಆದರೆ ಅದೇ ಅರಮನೆಯಲ್ಲಿ ಅವನು ಕಂಡ ಒಂದು ಚಿತ್ರದ ಮಾತನ್ನು ನಮ್ಮ ವಿದ್ವಾಂಸರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಒಂದು ಕೋಣೆಯ ಗೋಡೆಯ ಮೇಲೆ, ಅಲ್ಲಿಗೆ ಬಂದ ಬೇರೆ ಬೇರೆ ದೇಶದವರ ನಡೆಯುಡೆಗಳನ್ನೆಲ್ಲಾ, ಪೋರ್ತುಗೀಜರದೂ ಸೇರಿದಂತೆ, ಕುರುಡರು ಭಿಕ್ಷುಕರವರೆಗೂ ಬರೆಯಿಸಿದ್ದರಂತೆ. ಹೊರಗೆ ಬಾರದ ರಾಣಿವಾಸದವರು ಲೋಕದ ಜನರು ಹೇಗೆ ಬಾಳುತ್ತಾರೆಂಬುದನ್ನು ಅದರಿಂದ ತಿಳಿಯಲೆಂಬುದೇ ಉದ್ದೇಶ. ಪರದೇಶಿಯು ನಮ್ಮನ್ನು ನೋಡಿ ಬರೆಯುತ್ತಿದ್ದಾಗ ನಮ್ಮವರೂ ಅವನನ್ನು ನೋಡಿ ಬರೆಯುತ್ತಿದ್ದರು. ಗೋಡೆಯು ಬಿದ್ದುಹೋಗಿದೆ, ಮಹಾನವಮಿ ದಿಬ್ಬದ ಸುತ್ತಲಿನ ಕಲ್ಲಿನ ಸಾಲುಗಳಲ್ಲಿ ಕುದುರೆ ಹಿಡಿದ ಪರದೇಶಿಗಳೂ ಚೂಪುಟೊಪ್ಪಿಗೆಯ ತುರುಕ ನರ್ತಕರೂ ಈಗಲೂ ಇದ್ದಾರೆ. ನಾವು ವಿದ್ಯಾರ್ಥಿದಶೆಯಿಂದ ಹಂಪೆಗೆ ಅನೇಕಾವರ್ತಿ ಹೋಗಿದ್ದರೂ ಬಹುಕಾಲ ಅವುಗಳನ್ನು ಅಲಂಕಾರವೆಂದೇ ತಿಳಿದಿದ್ದೆವು; ಪಾಯೆಸನ ವಾಕ್ಯವನ್ನು ಓದಿದಮೇಲೆ ಅವು ದಾಖಲೆಗಳೆಂದು ಅರಿವಾಯಿತು.

೬

ಇದೇ ಸೀಮೆಯ ಇನ್ನೆರಡು ಸ್ಥಳಗಳು ಈ ವಿಚಾರಕ್ಕೆ ಪೂರಕವಾಗಿವೆ. ತುಂಗಭದ್ರೆಯ ದಡದ ಕಂಪಿಲಿಯು ಕಂಪಿಲರಾಯನ ರಾಜಧಾನಿ. ೧೩೨೭ರ ಸುಮಾರಿನಲ್ಲಿ ಮಹಮ್ಮದ್ ಬಿನ್ ತುಘಲಕನ ದಂಡು ಅದನ್ನು ನಾಶಮಾಡಿತು. ಕೆಲವು ವರ್ಷಗಳಮೇಲೆ ದೆಹಲಿಗೆ ಬಂದು ಖಾಜಿಯಾಗಿದ್ದ ಇಬ್ನ್ ಬತೂತನು, ಶರಣುಬಂದವನನ್ನು ಬಿಟ್ಟುಕೊಡದೆ ಆ ರಾಯನು ಮಡಿದುದನ್ನೂ ರಾಣಿಯರು ಅಗ್ನಿಪ್ರವೇಶಮಾಡಿದುದನ್ನೂ ಗೌರವದಿಂದ ಬರೆದಿದ್ದಾನೆ. ಸೆರೆಹೋಗಿ ಮತಾಂತರಹೊಂದಿದ ರಾಯನ ಮಕ್ಕಳಲ್ಲಿ ಮೂವರನ್ನು ಅವನು ದೆಹಲಿಯಲ್ಲಿ ಕಂಡನು; ಅವರಲ್ಲಿ ಸುಲ್ತಾನನ ಮುದ್ರೆಯ ಅಧಿಕಾರಿಯಾಗಿದ್ದವನು ಅವನ ಗೆಳೆಯನಾದನು. ಬತೂತನೂ ಒಮ್ಮೆ ಸುಲ್ತಾನನ ಸಂಶಯಕ್ಕೆ ಗುರಿಯಾಗಿ ಕಾವಲಿನಲ್ಲಿ ಇದ್ದವನೇ; ದಂಡಿನ ಕೃಪೆಯಲ್ಲಿ ಬದುಕುವುದು ಏನೆಂಬುದನ್ನು ಅನುಭವದಿಂದ ಬಲ್ಲವನು. ನಂಜುಂಡ ಕವಿಯೂ ಜನಪದ ಹಾಡುಗಾರರೂ ಕುಮಾರರಾಮನನ್ನೂ ರತ್ನಾಜಿಯನ್ನೂ ಹಾಡಿದರು. ದೆಹಲಿಯಲ್ಲಿ ಉಳಿದ ಈ ಮಕ್ಕಳ ಮಾತು ಆ ಕಥೆಯ ಕೇಂದ್ರದಲ್ಲಿಲ್ಲ. ಬತೂತನು ಕುಮಾರರಾಮನನ್ನು ಅರಿಯನು. ಗೆದ್ದವನ ಪಟ್ಟಣದಲ್ಲಿದ್ದ ಪ್ರವಾಸಿಗೆ ಬದುಕಿದವರು ಕಂಡರು. ಸೋತ ನಾಡಿನ ಕವಿಗೆ ಸತ್ತವರು ಕಂಡರು. ಎರಡೂ ಸೇರಿದರೆ ಮಾತ್ರ ಕಂಪಿಲಿಯ ಕಥೆ.

ಸೊಂಡೂರಿನಲ್ಲಿ ದಂಡೇ ಯಾತ್ರಿಕವೇಷವನ್ನು ಧರಿಸಿತು. ೧೮೧೫ರಲ್ಲಿ ಪೇಶ್ವೆ ಬಾಜೀರಾಯನು ಕುಮಾರಸ್ವಾಮಿಯ ದರ್ಶನದ ನೆಪದಿಂದ ಸೇನಾಸಹಿತನಾಗಿ ಬಂದನು. ಘೋರ್ಪಡೆ ಮನೆತನದ ಶಿವರಾಯನು ಕಣಿವೆಗಳಲ್ಲಿ ಸೇನೆಯನ್ನು ತಡೆದನು. ೧೮೧೭ರಲ್ಲಿ ಪೇಶ್ವೆಯ ಪರವಾಗಿ ಥಾಮಸ್ ಮನ್ರೋ ಸಂಸ್ಥಾನವನ್ನು ವಶಪಡಿಸಿಕೊಂಡು, ಮರುವರ್ಷ ಪೇಶ್ವೆಯ ಅಧಿಕಾರವು ಅಳಿದಮೇಲೆ ಅದನ್ನು ಹಿಂದಕ್ಕೆ ಕೊಡಲಾಯಿತು. ಹಂಪೆಯ ಹಾಳನ್ನು ೧೭೯೯ರಲ್ಲಿ ಅಳೆದ ಕಾಲಿನ್ ಮೆಕೆಂಜಿಯೂ, ೧೮೫೬ರಲ್ಲಿ ಛಾಯಾಚಿತ್ರಗಳನ್ನು ತೆಗೆದ ಗ್ರೀನ್‌ಲಾನೂ ಕಂಪೆನಿಯ ಸೈನ್ಯಾಧಿಕಾರಿಗಳೇ. ಅವರ ಉಪಕಾರವನ್ನು ನಾವು ಸ್ಮರಿಸಬೇಕು; ನೋಡುವವನ ಕೈಯಲ್ಲಿ ಅಧಿಕಾರವಿದ್ದಾಗ ನೋಟವು ಕಲ್ಲಿನ ಮೇಲೆ ಬೀಳುವಷ್ಟು ಜನರ ಮೇಲೆ ಬೀಳುವುದಿಲ್ಲವೆಂಬುದನ್ನೂ ಮರೆಯಬಾರದು.

೭

ಇದೆಲ್ಲವೂ ಹಳೆಯ ಮಾತೆಂದು ಯಾರಾದರೂ ಹೇಳಬಹುದು. ಹಾಗಲ್ಲ. ನೆರೆಯ ಬರ್ಮಾದೇಶವು ೧೯೬೨ರಿಂದ ಬಹುಕಾಲ ಸೇನಾಧಿಪತಿಗಳ ಕೈಯಲ್ಲಿದ್ದು, ೨೦೨೧ರಲ್ಲಿ ಸೇನೆಯು ಮತ್ತೊಮ್ಮೆ ಅಧಿಕಾರವನ್ನು ಕಿತ್ತುಕೊಂಡಿತು. ೧೯೯೬ರಲ್ಲಿ ಆ ಸರಕಾರವು ಪ್ರವಾಸಿಗಳನ್ನು ಆಹ್ವಾನಿಸಿದಾಗ, ಬರಬೇಡಿರೆಂದು ಆಂಗ್ ಸಾನ್ ಸೂಚಿಯು ಕೇಳಿಕೊಂಡಳು. ಹಂಪೆಯಂತೆಯೇ ಹಾಳುಗುಡಿಗಳ ಕ್ಷೇತ್ರವಾದ ಪಗಾನಿನಲ್ಲಿ ೧೯೯೦ರಲ್ಲಿ ಗುಡಿಗಳ ನಡುವೆ ವಾಸವಾಗಿದ್ದ ಜನರನ್ನು ಎಬ್ಬಿಸಿ ಹೊಸ ಪಗಾನಿಗೆ ಸಾಗಿಸಿದರು. ಪ್ರವಾಸಿಗೆ ಸ್ವಚ್ಛವಾದ ಗುಡಿಗಳು ಕಂಡುವು. ಎದ್ದುಹೋದ ಊರು ಕಾಣಲಿಲ್ಲ.

ನಮ್ಮಲ್ಲಿ ಸೇನೆಯ ಆಳಿಕೆಯಿಲ್ಲ. ಸಂವಿಧಾನವಿದೆ, ನ್ಯಾಯಾಲಯವಿದೆ, ಬೇಡವೆನ್ನುವವನಿಗೆ ಬಾಯಿಯಿದೆ. ಈ ಅಂತರವು ಅಲ್ಪವಾದುದಲ್ಲ. ಆದರೂ ೨೦೧೧ರ ಜುಲೈಯಲ್ಲಿ ವಿರೂಪಾಕ್ಷನ ರಥಬೀದಿಯ ಸಾಲುಮಂಟಪಗಳಲ್ಲಿ ಬಹುಕಾಲದಿಂದ ಬಾಳುತ್ತಿದ್ದ ಸಂಸಾರಗಳ ಮನೆಗಳನ್ನೂ ಅಂಗಡಿಗಳನ್ನೂ ತೆಗೆಯಿಸಲಾಯಿತು. ಸ್ಮಾರಕಗಳ ರಕ್ಷಣೆಯು ಅವಶ್ಯಕವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ೧೯೮೬ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿದುದರಿಂದ ಹೊಣೆಯೂ ಹೆಚ್ಚಿತು. ಆದರೆ ರಜಾಕನೂ ಪಾಯೆಸನೂ ಮೆಚ್ಚಿದುದು ಜನರಿಲ್ಲದ ಕಂಬಸಾಲನ್ನಲ್ಲ, ಹೂವು ಹಣ್ಣು ದವಸಗಳನ್ನು ಮಾರುವ ಅಂಗಡಿಬೀದಿಗಳನ್ನು. ಅವರ ಹೊಗಳಿಕೆಯನ್ನು ಫಲಕದ ಮೇಲೆ ಬರೆದು, ಅವರು ಹೊಗಳಿದ ವಸ್ತುವನ್ನು ತೆಗೆದುಹಾಕುವುದು ಯಾವ ನ್ಯಾಯವೆಂಬುದನ್ನು ಬಲ್ಲವರು ವಿಚಾರಿಸಬೇಕು.

ಹೀಗೆ ವಿಚಾರಿಸಿದಲ್ಲಿ ಫಲಿತವಾಗುವುದಿಷ್ಟು. ಪರದೇಶೀಯರ ಗ್ರಂಥಗಳು, ಅವರು ಕಣ್ಣಾರೆ ಕಂಡ ಬೀದಿ, ಹಬ್ಬ, ಕೆಲಸಗಾರರ ವಿಷಯದಲ್ಲಿ ಪ್ರಮಾಣವು. ದಂಡು ಮತ್ತು ಹಣದ ಸಂಖ್ಯೆಗಳಲ್ಲಿ ಅರಮನೆಯ ಮಾತಿನ ಪ್ರತಿಧ್ವನಿಯು. ಜನರ ಭಾಷೆ, ಕಾವ್ಯ, ಭಕ್ತಿಗಳ ವಿಷಯದಲ್ಲಿ ಮೌನವು, ಆ ಮೌನದಿಂದ ಅವುಗಳ ಅಭಾವವನ್ನು ಊಹಿಸಕೂಡದು. ನಮ್ಮ ಕವಿಗಳೂ ಶಾಸನಗಳೂ ಮುಚ್ಚಿಟ್ಟ ಬಡವರ ಕಷ್ಟದ ವಿಷಯದಲ್ಲಿ ಅವರೇ ನಮಗೆ ಉಳಿದಿರುವ ಅಪರೂಪದ ಸಾಕ್ಷಿಗಳು. ಆದುದರಿಂದ ಈ ನಾಲ್ವರ ಬರೆಹಗಳನ್ನು ವರ್ಷಾನುಕ್ರಮವಾಗಿ ಜೋಡಿಸಿ, ಎದುರುಪುಟದಲ್ಲಿ ಅದೇ ಕಾಲದ ಶಾಸನಗಳ ಸಾರವನ್ನೂ ಕನ್ನಡ ಕಾವ್ಯಗಳ ಸುಳಿವುಗಳನ್ನೂ ಇಟ್ಟು, ಹೊಗಳಿಕೆಯನ್ನೂ ತೆಗಳಿಕೆಯನ್ನೂ ಬಿಡದೆ ಒಂದು ಕನ್ನಡ ಆವೃತ್ತಿಯನ್ನು ಸಿದ್ಧಪಡಿಸುವುದು ನಮ್ಮ ಸಂಶೋಧಕರ ಕರ್ತವ್ಯವಾಗಿದೆ. ಹಂಪೆಯ ದಾರಿತೋರುವ ತರುಣರ ಕೈಗೂ ಅದು ಹೋಗಬೇಕು. ಸೇರಿನಿಂದ ಅಳೆದ ಮುತ್ತಿನ ಮಾತನ್ನು ಬಿಟ್ಟು, ನಾಗಲಾಪುರದ ಏರಿಯ ಮೇಲೆ ಮಣ್ಣುಹೊತ್ತವರ ಮಾತನ್ನು ಅವರು ಬಂದವರಿಗೆ ಹೇಳುವಂತಾದರೆ ನಮ್ಮ ಶ್ರಮವು ಸಾರ್ಥಕವೆಂದು ಭಾವಿಸುವೆವು.